ಕಲಿಸುವುದನ್ನು ಕಲಿಯುವ ಪದವಿ



ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ವಾಚನಾಲಯಕ್ಕೆ ತಾಯಿ ಮಗಳಿಬ್ಬರು ಬಂದರು. ಮಗಳು ನಮಗೆಲ್ಲ ಪರಿಚಿತಳೇ. ಬಿ.ಎ. ಮುಗಿಸಿ, ಸಂಘದ ಭಾನುವಾರದ ಕನ್ನಡ ವರ್ಗದಲ್ಲಿ ಎರಡು ವರ್ಷದಿಂದ ಬಿಡಿಗಾಸು ಪಡೆಯದೆ ಕಲಿಸುತ್ತಿರುವವಳು. ತಾಯಿ ಕಲಬುರಗಿ ಕಡೆಯವರು. ಮಗಳಿಗೆ ‘ಇನ್‌ಸ್ಟ್ರಕ್ಷನಲ್ ಡಿಸೈನ್’ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಹಂಬಲ. ತಾಯಿಗೆ ಕೈಯಲ್ಲಿದ್ದ ಎರಡು ಪಾಟಲಿಗಳನ್ನು ಒತ್ತೆ ಇಡಬೇಕೆ ಬೇಡವೆ ಎಂಬ ಚಿಂತೆ. ಆ ತಾಯಿ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಕೊಡುತ್ತೇವೆ:

“ಅಣ್ಣಾರ, ಕಲಸೂದು ಕಲಿಯಾಕ ಎರಡು ವರ್ಷ ಯಾಕ ಬೇಕ್ರಿ? ನಮ್ಮೂರ ಮಾಸ್ತರು ಇದನ್ನೆಲ್ಲಾ ಕಲತು ಬಂದಿದ್ರೇನು?”

ನಮಗೆ ಉತ್ತರ ತೋಚಲಿಲ್ಲ. ನಾವು ಗಿರಣಿಯಲ್ಲಿ ಹಜೇರಿ ಬರೆಯುವ ಕಾರಕೂನರು, ಓದಿದ್ದು ಮೆಟ್ರಿಕ್ಕಿನವರೆಗೆ. ಆದರೂ ವಾಚನಾಲಯದ ಕಪಾಟಿನ ಕೀಲಿಕೈ ನಮ್ಮ ಬಳಿ ಇರುವುದರಿಂದ, ಜನ ನಮ್ಮನ್ನು ಬಲ್ಲವರೆಂದು ತಿಳಿದು ಕೇಳುತ್ತಾರೆ. ಒಂದು ತಿಂಗಳು ಸಮಯ ಕೇಳಿದೆವು; ನಾಲ್ಕು ತಿಂಗಳು ಹಿಡಿಯಿತು. ಓದಿ ತಿಳಿದುದನ್ನು ಅಭ್ಯಾಸ ಕೂಟದಲ್ಲಿ ಎರಡು ಸಲ ಹೇಳಿದ್ದಾಯಿತು. ಆ ದಿನ ಪಾಳಿಯ ಮೇಲಿದ್ದು ಬರಲಾಗದ ಸದಸ್ಯರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ಇದನ್ನು ‘ಬೋಧನಾ ವಿನ್ಯಾಸ’ ಎನ್ನುತ್ತಾರೆ. ಶಿಕ್ಷಕನಾಗುವುದು ಬೇರೆ, ಇದು ಬೇರೆ. ಶಿಕ್ಷಕ ತರಗತಿಯಲ್ಲಿ ನಿಂತು ಕಲಿಸುತ್ತಾನೆ. ಬೋಧನಾ ವಿನ್ಯಾಸಕ ಆ ಪಾಠವನ್ನು ಮೊದಲೇ ಕಟ್ಟಿಕೊಡುತ್ತಾನೆ: ಯಾರಿಗೆ, ಏನನ್ನು, ಯಾವ ಕ್ರಮದಲ್ಲಿ, ಯಾವ ಉದಾಹರಣೆಯಿಂದ ಕಲಿಸಬೇಕು, ಕಲಿತರೋ ಇಲ್ಲವೋ ಎಂದು ಹೇಗೆ ತಿಳಿಯಬೇಕು ಎಂಬುದನ್ನು ನಿರ್ಧರಿಸುತ್ತಾನೆ. ಮಗ್ಗದ ಮೇಲೆ ಕೂತವನು ಒಬ್ಬ, ಹಾಸು ಹೊಕ್ಕುಗಳ ಲೆಕ್ಕ ಹಾಕಿ ನಮೂನೆ ಬರೆದುಕೊಟ್ಟವನು ಇನ್ನೊಬ್ಬ ಎಂದರೆ ನಮ್ಮ ಗಿರಣಿಯ ಬಂಧುಗಳಿಗೆ ಬೇಗ ತಿಳಿದೀತು. ಸಣ್ಣ ಊರಿನಲ್ಲಿ ಎರಡೂ ಕೆಲಸವನ್ನು ಒಬ್ಬರೇ ಮಾಡುತ್ತಾರೆ. ಆ ತಾಯಿಯ ಊರಿನ ಮಾಸ್ತರರೂ ಮಾಡಿದ್ದು ಅದನ್ನೇ.

ಮುಂದೆ ಹೋಗುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹೇಳದಿದ್ದರೆ ಈ ಶಾಸ್ತ್ರದಲ್ಲಿ ನಮಗೇಕೆ ಇಷ್ಟು ಆಸಕ್ತಿ ಹುಟ್ಟಿತೆಂಬುದು ತಿಳಿಯದು.

ಕೆಲವು ವರ್ಷಗಳ ಹಿಂದೆ ನಮ್ಮ ಖಾತೆಗೆ ಒಬ್ಬ ಹೊಸ ಹುಡುಗ ಬಂದ. ಪರೀಕ್ಷಾರ್ಥ ನೇಮಕ. ಹಜೇರಿ ಪುಸ್ತಕ ಬರೆಯುವುದನ್ನು ಕಲಿಸಬೇಕೆಂದು ಮೇಲಿನವರು ಅವನನ್ನು ನಮಗೆ ಒಪ್ಪಿಸಿದರು. ನಾವು ಎರಡು ತಾಸು ಪುಸ್ತಕದ ಹಾಳೆ ಮಗುಚುತ್ತ ಎಲ್ಲವನ್ನೂ ಹೇಳಿದೆವು: ಕಾಯಂ ಕೆಲಸಗಾರರ ಪಟ್ಟಿ, ಬದಲಿಯವರ ಪಟ್ಟಿ, ರಜೆಯ ಗುರುತು, ತಡವಾಗಿ ಬಂದವರ ಗುರುತು, ಹೆಚ್ಚುವರಿ ತಾಸು, ವಾರದ ರಜೆ. ಹುಡುಗ ಪ್ರತಿ ಮಾತಿಗೂ ತಲೆಯಾಡಿಸಿದ. “ತಿಳಿಯಿತೇನಪ್ಪಾ?” ಎಂದೆವು. “ತಿಳಿಯಿತು ಸರ್” ಎಂದ. ನಾವು ಚಹಾ ಕುಡಿಯಲು ಹೋದೆವು.

ಮೂರನೆಯ ಪಾಳಿ ರಾತ್ರಿ ಹನ್ನೊಂದಕ್ಕೆ ಆರಂಭವಾಗಿ ಬೆಳಗಿನ ಏಳಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಅದನ್ನು ಆರಂಭವಾದ ತಾರೀಕಿಗೆ ಬರೆಯುವ ರೂಢಿ. ಹುಡುಗ ಮುಗಿದ ತಾರೀಕಿಗೆ ಬರೆದ. ತಿಂಗಳ ನಡುವೆ ಇದು ಯಾರ ಕಣ್ಣಿಗೂ ಬೀಳಲಿಲ್ಲ. 31ರ ರಾತ್ರಿ ದುಡಿದ ಹದಿನಾಲ್ಕು ಮಂದಿ ಬದಲಿ ಕೆಲಸಗಾರರ ಹಜೇರಿ ಮುಂದಿನ ತಿಂಗಳ 1ನೆಯ ತಾರೀಕಿಗೆ ಬಿದ್ದಿತು. ಸಂಬಳದಲ್ಲಿ ಒಂದು ದಿನ ಖೋತಾ ಆಯಿತು. ಬದಲಿಯವರಿಗೆ ಒಂದು ದಿನದ ಸಂಬಳವೆಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕಿಟಕಿಯ ಮುಂದೆ ಗಲಾಟೆಯಾಯಿತು. ಮರುವಾರ ಹುಡುಗನನ್ನು ಮನೆಗೆ ಕಳುಹಿಸಿದರು. “ನಾವು ಹೇಳಿಕೊಟ್ಟಿದ್ದೆವು, ಅವನ ತಲೆಗೆ ಹತ್ತಲಿಲ್ಲ” ಎಂದು ನಾವು ಮೇಲಿನವರ ಮುಂದೆ ಹೇಳಿದೆವು. ಆ ಮಾತು ಸುಳ್ಳಲ್ಲ, ಆದರೆ ಅದರಲ್ಲಿ ನ್ಯಾಯವಿರಲಿಲ್ಲವೆಂದು ಈ ಅಭ್ಯಾಸ ಮಾಡಿದ ಮೇಲೆ ತಿಳಿಯಿತು.

ಈ ಶಾಸ್ತ್ರದ ಬೇರು ವಿಶ್ವವಿದ್ಯಾಲಯಗಳಲ್ಲಿ ಮಾತ್ರವಿಲ್ಲ. ಒಂದು ದೊಡ್ಡ ಬೇರು ಕಾರಖಾನೆಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಅಮೆರಿಕದಲ್ಲಿ ದುರ್ಬೀನು ಮತ್ತು ತೋಪುಗಳ ಗುರಿಯಂತ್ರಕ್ಕೆ ಬೇಕಾದ ಗಾಜಿನ ಮಸೂರಗಳನ್ನು ಉಜ್ಜಿ ಹದಗೊಳಿಸುವ ಕುಶಲಿಗಳು ಸಾಲದೆ ಬಂದರು. ಆ ಕಸಬು ಕೈಗೂಡಲು ಐದು ವರ್ಷ ಬೇಕೆಂಬುದು ಅಂದಿನ ನಂಬಿಕೆ. ಆಗ ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಸರಕಾರಿ ಯೋಜನೆಯವರು ಆ ಕೆಲಸವನ್ನು ಹತ್ತಿರ ನಿಂತು ನೋಡಿದರು. ನುರಿತ ಕುಶಲಿಯ ಕೆಲಸವನ್ನು ಬಿಡಿಸಿ ಬರೆದರು. ಬಹಳಷ್ಟು ಭಾಗ ಯಾರಾದರೂ ಬೇಗ ಕಲಿಯಬಹುದಾದದ್ದು; ಕೆಲವೇ ಕೆಲವು ಜಾಗದಲ್ಲಿ ಮಾತ್ರ ಕೈಯ ಹದ, ಕಣ್ಣಿನ ಹದ ಬೇಕು. ಆ ಜಾಗಗಳನ್ನು ಗುರುತಿಸಿ, ಅವುಗಳ ಮೇಲೆ ಒತ್ತು ಕೊಟ್ಟು ಕಲಿಸಿದಾಗ ವರ್ಷಗಳ ಕಲಿಕೆ ತಿಂಗಳುಗಳಿಗೆ ಇಳಿಯಿತು.

ಆ ಯೋಜನೆ 1945ರವರೆಗೆ ನಡೆದು ಸಾವಿರಾರು ಕಾರಖಾನೆಗಳ ಮೇಸ್ತ್ರಿ, ಮುಕಾದಮರನ್ನು ಲಕ್ಷಗಟ್ಟಲೆ ತಯಾರು ಮಾಡಿತು. ಅವರಿಗೆ ಕಲಿಸಿದ ವಿಧಾನಕ್ಕೆ ನಾಲ್ಕು ಹೆಜ್ಜೆ. ಕಲಿಯುವವನ ಅಂಜಿಕೆ ಬಿಡಿಸಿ ಅವನಿಗೆ ಮೊದಲೇ ಏನು ಗೊತ್ತಿದೆಯೆಂದು ತಿಳಿಯುವುದು ಮೊದಲನೆಯದು. ಒಂದೊಂದೇ ಹಂತವಾಗಿ ಮಾಡಿ ತೋರಿಸಿ, ಎಡವುವ ಜಾಗವನ್ನು ಎತ್ತಿ ಹೇಳುವುದು ಎರಡನೆಯದು. ಮೂರನೆಯದರಲ್ಲಿ ಅವನ ಕೈಯಿಂದಲೇ ಮಾಡಿಸಬೇಕು, ಮಾಡುವಾಗ ಆ ಜಾಗದಲ್ಲಿ ಏಕೆ ಹೀಗೆ ಎಂದು ಅವನ ಬಾಯಿಂದಲೇ ಹೇಳಿಸಬೇಕು. ಬಳಿಕ ಕೆಲಸ ಒಪ್ಪಿಸಿ, ಸಂಶಯ ಬಂದರೆ ಯಾರನ್ನು ಕೇಳಬೇಕೆಂದು ಹೇಳಿ, ಆಗಾಗ ಬಂದು ನೋಡಿ, ಬರಬರುತ್ತ ನೋಡುವುದನ್ನು ಕಡಿಮೆ ಮಾಡುವುದು ನಾಲ್ಕನೆಯದು. 1950ರ ದಶಕದಲ್ಲಿ ಇದೇ ವಿಧಾನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರ ಮೂಲಕ ಭಾರತದ ಬಟ್ಟೆ ಗಿರಣಿಗಳಿಗೂ ಬಂದಿತು. ಅಂದರೆ ನಮ್ಮ ಹಿರಿಯರು ದುಡಿದ ಕಾಲಕ್ಕೇ ಇದು ನಮ್ಮ ಕಸುಬಿನ ಬಾಗಿಲಿಗೆ ಬಂದಿತ್ತು.

ಕಲಿಯುವವನು ಕಲಿಯದಿದ್ದರೆ ಕಲಿಸುವವನು ಕಲಿಸಿಲ್ಲವೆಂದೇ ಅರ್ಥ ಎಂಬುದು ಆ ಯೋಜನೆಯವರ ಮೂಲ ಸೂತ್ರ. ಅದನ್ನು ಓದಿದ ರಾತ್ರಿ ನಮಗೆ ಆ ಹುಡುಗ ನೆನಪಾದ. ನಾವು ಎರಡನೆಯ ಹೆಜ್ಜೆಯ ಅರ್ಧವನ್ನು ಮಾತ್ರ ಮಾಡಿದ್ದೆವು. ಹಜೇರಿ ಪುಸ್ತಕದಲ್ಲಿ ಎಡವುವ ಜಾಗ ಒಂದೇ ಇತ್ತು, ನಡುರಾತ್ರಿಯ ತಾರೀಕು. ಅದನ್ನು ಇತರ ಇಪ್ಪತ್ತು ಮಾತುಗಳ ನಡುವೆ ಅದೇ ಧ್ವನಿಯಲ್ಲಿ ಹೇಳಿ ಮುಗಿಸಿದ್ದೆವು. ಅವನ ಕೈಯಿಂದ ಒಂದು ರಾತ್ರಿಯ ಪಾಳಿಯನ್ನಾದರೂ ಬರೆಯಿಸಿದ್ದರೆ ತಪ್ಪು ಆಗಲೇ ಕಾಣುತ್ತಿತ್ತು. ಹತ್ತು ನಿಮಿಷದ ಮಾತು.

ಇನ್ನು ವಿದ್ವಾಂಸರ ಕಡೆಯ ಬೇರು. ಇದನ್ನು ಬೇಗ ಹೇಳಿ ಮುಗಿಸುತ್ತೇವೆ, ಏಕೆಂದರೆ ಹೆಸರುಗಳ ಪಟ್ಟಿಯಿಂದ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು 1953ರಲ್ಲಿ ತಮ್ಮ ಮಗಳ ಶಾಲೆಯ ಲೆಕ್ಕದ ತರಗತಿಯನ್ನು ನೋಡಲು ಹೋದರು. ಮಕ್ಕಳು ಲೆಕ್ಕ ಮಾಡುತ್ತಿದ್ದರು, ಆದರೆ ತಮ್ಮ ಉತ್ತರ ಸರಿಯೋ ತಪ್ಪೋ ಎಂದು ಅವರಿಗೆ ಕೂಡಲೇ ತಿಳಿಯುತ್ತಿರಲಿಲ್ಲ. ಬೇಗ ಮುಗಿಸಿದವನೂ ತಿಣುಕುವವನೂ ಒಂದೇ ಓಟದಲ್ಲಿ ನಡೆಯಬೇಕಾಗಿತ್ತು. ಇದನ್ನು ಕಂಡು ಅವರು, ಪಾಠವನ್ನು ಸಣ್ಣ ಸಣ್ಣ ತುಣುಕು ಮಾಡಿ ಪ್ರತಿ ತುಣುಕಿಗೂ ಉತ್ತರ ಬರೆಯಿಸಿ ಅಲ್ಲಿಯೇ ಸರಿ ತಪ್ಪು ತೋರಿಸುವ ಬೋಧನಾ ಯಂತ್ರವನ್ನು ಮಾಡಿದರು. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಗುರಿಗಳನ್ನು ನೆನಪಿನಿಂದ ಹಿಡಿದು ವಿಮರ್ಶೆಯವರೆಗೆ ಆರು ಮಟ್ಟದಲ್ಲಿ ವಿಂಗಡಿಸಿದರು. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆಗಳಲ್ಲಿ ‘ಜ್ಞಾನ, ಗ್ರಹಿಕೆ, ಅನ್ವಯ’ ಎಂಬ ವಿಭಾಗ ಬಂದದ್ದು ಅಲ್ಲಿಂದಲೇ. 1965ರಲ್ಲಿ ರಾಬರ್ಟ್ ಗಾನ್ಯೆ, ಬೇರೆ ಬೇರೆ ಬಗೆಯ ಕಲಿಕೆಗೆ ಬೇರೆ ಬೇರೆ ಏರ್ಪಾಡು ಬೇಕೆಂದು ತೋರಿಸುವ ಗ್ರಂಥ ಬರೆದರು. ಅವರೂ ಯುದ್ಧಕಾಲದಲ್ಲಿ ವಾಯುದಳದ ತರಬೇತಿಯ ಕೆಲಸ ಮಾಡಿದವರೇ. 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು ಅಮೆರಿಕದ ಸೈನ್ಯಕ್ಕಾಗಿ ಇವೆಲ್ಲವನ್ನೂ ಒಂದು ಕ್ರಮಕ್ಕೆ ತಂದರು. ಪರಿಶೀಲನೆ, ವಿನ್ಯಾಸ, ತಯಾರಿಕೆ, ಜಾರಿ, ಮೌಲ್ಯಮಾಪನ ಎಂದು ಈಗ ಹೇಳುವ ಐದು ಹಂತಗಳು ಅದರ ಸಂತಾನ. ಅಲ್ಲಿಯ ವಾಲ್ಟರ್ ಡಿಕ್ ಮತ್ತು ಲೂ ಕೇರಿ ಬರೆದ 1978ರ ಪುಸ್ತಕ ಹಲವು ಆವೃತ್ತಿಗಳನ್ನು ಕಂಡು, ಈ ಪದವಿಗೆ ಹೋದವರು ಓದುವ ಮುಖ್ಯ ಪಠ್ಯಗಳಲ್ಲಿ ಒಂದಾಗಿ ಉಳಿದಿದೆ.

ಇಷ್ಟೆಲ್ಲ ಹೆಸರುಗಳಲ್ಲಿ ನಮಗೆ ಅತ್ಯಂತ ಉಪಯುಕ್ತನಾಗಿ ಕಂಡವನು ರಾಬರ್ಟ್ ಮೇಗರ್. 1962ರ ಅವನ ಪುಸ್ತಕ ತೆಳ್ಳಗಿನದು, ಹೇಳುವ ವಿಷಯವೂ ಒಂದೇ: ಪಾಠದ ಗುರಿಯನ್ನು ಕಣ್ಣಿಗೆ ಕಾಣುವಂತೆ ಬರೆಯಿರಿ. ಪಾಠ ಮುಗಿದ ಮೇಲೆ ಕಲಿತವನು ಏನು ಮಾಡಬಲ್ಲ, ಯಾವ ಪರಿಸ್ಥಿತಿಯಲ್ಲಿ ಮಾಡಬಲ್ಲ, ಎಷ್ಟು ಚೆನ್ನಾಗಿ ಮಾಡಿದರೆ ಸಾಕು. “ಹಜೇರಿ ಪದ್ಧತಿಯನ್ನು ತಿಳಿಸುವುದು” ಎಂಬುದು ಗುರಿಯಲ್ಲ. “ಮೂರೂ ಪಾಳಿಯ ಚೀಟಿಗಳನ್ನು ಕೊಟ್ಟಾಗ, ಯಾರನ್ನೂ ಕೇಳದೆ, ತಿಂಗಳ ಕೊನೆಯ ದಿನದ ಹಜೇರಿಯನ್ನು ಒಂದೂ ತಪ್ಪಿಲ್ಲದೆ ಬರೆಯುವುದು” ಎಂಬುದು ಗುರಿ. ಇದನ್ನು ಬರೆಯಲು ಕೂತರೆ ಮೈ ಬೆವರುತ್ತದೆ. ನಿಜವಾಗಿ ಏನು ಬೇಕೆಂದು ನಮಗೇ ಗೊತ್ತಿರುವುದಿಲ್ಲವಲ್ಲ!

ಇನ್ನೊಂದು ಮಾತು ಕಾರಕೂನರಾದ ನಮಗೆ ಚೆನ್ನಾಗಿ ತಾಗಿತು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬುವರು 1959ರಲ್ಲಿ ಆರಂಭಿಸಿದ ಲೇಖನಗಳಲ್ಲಿ ತರಬೇತಿಯನ್ನು ನಾಲ್ಕು ಬಗೆಯಲ್ಲಿ ಅಳೆಯಲು ಹೇಳಿದರು: ಜನರಿಗೆ ಹಿಡಿಸಿತೆ, ಕಲಿತರೆ, ಕೆಲಸದಲ್ಲಿ ನಡೆ ಬದಲಾಯಿತೆ, ಅದರಿಂದ ಫಲ ಬಂದಿತೆ. ಬೆಂಕಿ ನಂದಿಸುವ ತರಬೇತಿಯಾದಾಗ ನಾವು ಏನು ಮಾಡುತ್ತೇವೆ? ಬಂದವರ ಸಹಿ ತೆಗೆದುಕೊಳ್ಳುತ್ತೇವೆ. ಕಡತಕ್ಕೆ ‘ತರಬೇತಿ ಆಯಿತು’ ಎಂದು ಬರೆಯುತ್ತೇವೆ. ಇದು ಈ ನಾಲ್ಕರಲ್ಲಿ ಯಾವುದೂ ಅಲ್ಲ, ಬರಿಯ ಹಜೇರಿ.

ಕನ್ನಡ ನಾಡಿಗೂ ಈ ವಿದ್ಯೆಗೂ ಇರುವ ಸಂಬಂಧವನ್ನು ಹುಡುಕುತ್ತ ಹೋದಾಗ ಎರಡು ಸಂಗತಿಗಳು ದೊರೆತವು. ಒಂದು, ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠಗಳನ್ನು ಬಿತ್ತರಿಸಿದರು. ಕರ್ನಾಟಕದಲ್ಲಿ ಇದಕ್ಕೆ ಆಯ್ದವು ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ಕನ್ನಡದಲ್ಲಿಯೇ. ಇದನ್ನು ಹೇಳಿದಾಗ ಆ ತಾಯಿ, “ಹೌದ್ರಿ, ನಮ್ಮಪ್ಪ ಹೇಳತಿದ್ದ, ಶಾಲಿ ಮುಂದ ಟೀವಿ ಇಟ್ಟಿದ್ರಂತ, ಊರಿಗೂರ ಕೂಡತಿತ್ತಂತ” ಎಂದರು. ಆ ಪಾಠಗಳನ್ನೂ ಯಾರೋ ಕೂತು ಕಟ್ಟಿದ್ದರು.

ಎರಡನೆಯದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಪದ್ಧತಿಯನ್ನು ನೋಡಿ ಬಂದರು. ಯುನಿಸೆಫ್‌ನ ನೆರವಿನಿಂದ ತಮ್ಮ ಶಾಲೆಗಳಿಗೆ ಹೊಂದುವಂತೆ ಪಾಠಗಳನ್ನು ಕಾರ್ಡುಗಳಾಗಿ ಒಡೆದರು. ಮಗು ‘ಕಲಿಕಾ ಏಣಿ’ಯ ಮೇಲೆ ತನ್ನ ವೇಗದಲ್ಲಿ ಏರುತ್ತದೆ, ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿಸಿದರೆ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸುತ್ತದೆ. ಅಕ್ಷರಗಳನ್ನು ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ, ರ ಗ ಸ ದ ಅ ಎಂದು ಆರಂಭಿಸುತ್ತಾರೆ. ರ, ಗ, ಸ, ದ ಎಂಬ ನಾಲ್ಕೇ ಅಕ್ಷರ ಬಂದರೂ ‘ಸರ’, ‘ಗರಗಸ’, ‘ದರ’ ಎಂದು ಮಗು ಓದಬಹುದು. ಅ ಆ ಇ ಈ ನಾಲ್ಕು ಕಲಿತ ಮಗು ಏನನ್ನು ಓದೀತು? ಈ ಸಣ್ಣ ಯುಕ್ತಿಯೇ ಬೋಧನಾ ವಿನ್ಯಾಸ. 2009-10ರಲ್ಲಿ ಈ ಪದ್ಧತಿ ರಾಜ್ಯದ ಕನ್ನಡ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ಎಲ್ಲ ಕಡೆ ಒಂದೇ ಹುರುಪಿನಿಂದ ನಡೆಯಿತೆಂದು ನಾವು ಹೇಳುವುದಿಲ್ಲ. ಒಂದು ತಾಲ್ಲೂಕಿನಲ್ಲಿ ಶಿಕ್ಷಕರೇ ಕಟ್ಟಿದ ವಸ್ತು ಮೇಲಿನಿಂದ ಆಜ್ಞೆಯಾಗಿ ಇಳಿದಾಗ ಅದರ ರುಚಿ ಬೇರೆಯಾಗುತ್ತದೆ.

ಇದನ್ನು ಕೇಳಿ ಕೂಟದಲ್ಲಿ ಒಬ್ಬರು ಎದ್ದು, “ಹಾಗಾದರೆ ಪದವಿ ಏಕೆ? ಆ ಶಿಕ್ಷಕರು ಶಾಲೆಯಲ್ಲಿ ಕಲಿಸುತ್ತಲೇ ಮಾಡಿದರಲ್ಲ” ಎಂದರು. ಪ್ರಶ್ನೆ ನ್ಯಾಯವಾದುದು. ಪದವಿ ಇಲ್ಲದೆ ಈ ಕೆಲಸ ಮಾಡಬಹುದು, ಮಾಡಿದವರಿದ್ದಾರೆ. ಆದರೆ ಆ ಶಿಕ್ಷಕರು ವರ್ಷಗಟ್ಟಲೆ ಮಕ್ಕಳೊಡನೆ ಕಳೆದವರು, ನೋಡಿ ಬರಲು ಒಂದು ಮಾದರಿ ಇತ್ತು, ಕೂಡಿ ಕೂತು ತಿದ್ದಲು ಜೊತೆಗಾರರಿದ್ದರು. ಇವು ಮೂರೂ ಇಲ್ಲದ ಒಂಟಿ ಹುಡುಗಿಗೆ ಅವು ದೊರೆಯುವ ಒಂದು ಜಾಗ ವಿಶ್ವವಿದ್ಯಾಲಯ. ಅಷ್ಟಲ್ಲದೆ ಸಂಬಳದ ಕೆಲಸ ಬೇಕೆಂದರೆ, ಬೆಂಗಳೂರು, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕಂಪನಿಗಳಿಗೆ, ಬ್ಯಾಂಕುಗಳಿಗೆ, ಆಸ್ಪತ್ರೆಗಳಿಗೆ ತರಬೇತಿಯ ಪಾಠ ತಯಾರಿಸಿಕೊಡುವ ಸಂಸ್ಥೆಗಳಿವೆ. ಅಲ್ಲಿ ಬಾಗಿಲು ತಟ್ಟುವಾಗ ಕೈಯಲ್ಲಿ ಕಾಗದವಿದ್ದರೆ ಅನುಕೂಲ. ಕಾಗದದೊಡನೆ ತಾನೇ ಕಟ್ಟಿದ ನಾಲ್ಕಾರು ಪಾಠಗಳ ಮಾದರಿಯೂ ಇರಬೇಕು. ಬರಿಯ ಅಂಕಪಟ್ಟಿ ಸಾಲದು.

ಪದವಿಯಲ್ಲಿ ಏನು ಕಲಿಸುತ್ತಾರೆ? ಅಮೆರಿಕದ ಪದ್ಧತಿಯನ್ನು ನೋಡಿದರೆ ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್ಟುಗಳ ಅಭ್ಯಾಸ. ಮನುಷ್ಯ ಹೇಗೆ ಕಲಿಯುತ್ತಾನೆಂಬ ಮನಶ್ಶಾಸ್ತ್ರ, ಕೆಲಸವನ್ನು ಬಿಡಿಸಿ ನೋಡುವ ವಿಧಾನ, ಗುರಿ ಬರೆಯುವುದು, ಪರೀಕ್ಷೆ ರಚಿಸುವುದು, ಚಿತ್ರ, ಧ್ವನಿ, ಕಂಪ್ಯೂಟರುಗಳ ಬಳಕೆ, ಮೌಲ್ಯಮಾಪನ, ಕೊನೆಗೆ ಒಂದು ನಿಜವಾದ ಸಂಸ್ಥೆಗಾಗಿ ನಿಜವಾದ ಪಾಠ ಕಟ್ಟಿಕೊಡುವ ಕೆಲಸ. ಫ್ಲಾರಿಡಾ ಸ್ಟೇಟ್, ಇಂಡಿಯಾನಾ, ಯೂಟಾ ಸ್ಟೇಟ್ ವಿಶ್ವವಿದ್ಯಾಲಯಗಳು ಇದರಲ್ಲಿ ಹಳೆಯ ಹೆಸರುಗಳು. ಆದರೆ ಅಲ್ಲಿ ಹಲವೆಡೆ ಪ್ರವೇಶಕ್ಕೆ ಹದಿನಾರು ವರ್ಷದ ಓದು ಆಗಿರಬೇಕು. ನಮ್ಮ ಮೂರು ವರ್ಷದ ಬಿ.ಎ. ಹಿಡಿದು ಹೋದವರಿಗೆ ಒಂದು ವರ್ಷ ಕಡಿಮೆ ಬೀಳುತ್ತದೆ. ಇಂಗ್ಲಿಷ್ ಪರೀಕ್ಷೆ ಬೇರೆ, ಶುಲ್ಕ ಡಾಲರಿನ ಲೆಕ್ಕದಲ್ಲಿ. ಎರಡು ಪಾಟಲಿಗಳಿಂದ ಆಗುವ ಮಾತಲ್ಲವೆಂದು ನಾವು ತಾಯಿಗೆ ನೇರವಾಗಿ ಹೇಳಿದೆವು.

ನಮ್ಮ ದೇಶದಲ್ಲಿ ಇದೇ ಹೆಸರಿನ ಸ್ನಾತಕೋತ್ತರ ಪದವಿಗಳು ವಿರಳ. ಹೆಚ್ಚಾಗಿ ‘ಶೈಕ್ಷಣಿಕ ತಂತ್ರಜ್ಞಾನ’, ‘ದೂರಶಿಕ್ಷಣ’ ಎಂಬ ಹೆಸರುಗಳ ಒಳಗೆ ಇದು ಅಡಗಿರುತ್ತದೆ. ಹೆಸರು ನೋಡಿ ಬಿಟ್ಟುಬಿಡಬಾರದು, ಪಠ್ಯಕ್ರಮ ಓದಬೇಕು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾದಲ್ಲಿ ‘ಬೋಧನಾ ವಿನ್ಯಾಸ’ ಎಂಬುದೇ ಒಂದು ಪತ್ರಿಕೆ. ಅದೇ ವಿಷಯದಲ್ಲಿ ಮುಂದೆ ಎಂ.ಎ. ಕೂಡ ಇಟ್ಟಿದ್ದಾರೆ. ಮುಂಬಯಿಯಲ್ಲಿ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯಕ್ಕೆ ಶೈಕ್ಷಣಿಕ ತಂತ್ರಜ್ಞಾನದ ವಿಭಾಗವೇ ಇದೆ. ಪೊವಾಯಿಯ ಐ.ಐ.ಟಿ.ಯಲ್ಲಿ ಇದೇ ಕ್ಷೇತ್ರದಲ್ಲಿ ಪಿಎಚ್.ಡಿ.ವರೆಗೆ ಹೋಗಬಹುದು. ಯಾವ ವರ್ಷ ಯಾವ ಪಾಠಕ್ರಮ ನಡೆಯುತ್ತಿದೆ, ಶುಲ್ಕವೆಷ್ಟು ಎಂಬುದು ಬದಲಾಗುತ್ತಿರುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ನೋಡದೆ ಹಣ ಕಟ್ಟಬಾರದು. ‘ಮೂರು ತಿಂಗಳಲ್ಲಿ ಪರಿಣತಿ, ಕೆಲಸ ಗ್ಯಾರಂಟಿ’ ಎಂದು ಜಾಹೀರಾತು ಕೊಡುವವರಿಂದ ದೂರವಿರುವುದು ಲೇಸು.

ಕಂಪ್ಯೂಟರಿನ ಮೇಲೆ ಪಾಠ ಮಾಡುವ ತಂತ್ರಾಂಶವನ್ನು ಕಲಿತರೆ ಸಾಕೆಂದು ತಿಳಿದವರು ಬಹಳ. ರಿಚರ್ಡ್ ಕ್ಲಾರ್ಕ್ ಎಂಬ ವಿದ್ವಾಂಸರು 1983ರಲ್ಲಿಯೇ ಇದಕ್ಕೆ ಉತ್ತರ ಹೇಳಿದರು. ಅವರ ವಾದದ ಸಾರ ಇಷ್ಟು: ದಿನಸಿ ತಂದುಕೊಟ್ಟ ಲಾರಿಯಿಂದ ನಮ್ಮ ಮೈಗೆ ಶಕ್ತಿ ಬರುವುದಿಲ್ಲ, ದಿನಸಿಯಿಂದ ಬರುತ್ತದೆ. ಎಲ್ಲರೂ ಇದನ್ನು ಒಪ್ಪಲಿಲ್ಲ; ರಾಬರ್ಟ್ ಕೋಜ್ಮಾ ಮೊದಲಾದವರು, ಕೆಲವು ಸಂಗತಿಗಳನ್ನು ಚಲಿಸುವ ಚಿತ್ರವಿಲ್ಲದೆ ಕಲಿಸುವುದು ಕಷ್ಟವೆಂದು ವಾದಿಸಿದರು. ಕಡಿದ ಎಳೆಯನ್ನು ಜೋಡಿಸುವುದನ್ನು ಬರಹದಿಂದ ಕಲಿಸಲು ಹೋದ ಯಾರಾದರೂ ಕೋಜ್ಮಾರ ಪಕ್ಷ ಹಿಡಿದಾರು. 2022ರ ಕೊನೆಯಿಂದ ಕೇಳಿದ ಮಾತಿಗೆ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳೂ ಬಂದಿವೆ. ಪಾಠದ ವಾಕ್ಯಗಳನ್ನು ಅವು ಬರೆದಾವು. ಆ ಹುಡುಗ ನಡುರಾತ್ರಿಯ ತಾರೀಕಿನಲ್ಲಿ ಎಡವುತ್ತಾನೆಂಬುದನ್ನು ನಮ್ಮ ಖಾತೆಗೆ ಬಂದು ನೋಡಿದವರೇ ತಿಳಿಯಬೇಕು.

ಇಷ್ಟು ಹೇಳಿದ ಮೇಲೆ, ಪದವಿಗೆ ಹಣ ಕಟ್ಟುವ ಮೊದಲು ಒಂದು ಪಾಠವನ್ನಾದರೂ ಈ ಕ್ರಮದಲ್ಲಿ ಕಟ್ಟಿ ನೋಡೋಣವೆಂದು ಹುಡುಗಿಗೆ ಸೂಚಿಸಿದೆವು. ನಮ್ಮ ಭಾನುವಾರದ ವರ್ಗದಲ್ಲಿ ಮೊದಲು ಇಪ್ಪತ್ತೆರಡು ಮಕ್ಕಳಿದ್ದರು; ಈಗ ಒಂಬತ್ತು. ಎಲ್ಲರೂ ಮನೆಯಲ್ಲಿ ಕನ್ನಡ ಆಡುವವರು, ಶಾಲೆಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷ್ ಓದುವವರು. ಉಳಿದ ಮಕ್ಕಳನ್ನು, ಕನ್ನಡದಲ್ಲಿ ಏನು ಓದಲು ಆಸೆಯೆಂದು ಹುಡುಗಿ ಕೇಳಿದಳು. ಎರಡು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಒಬ್ಬನಿಗೆ ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನ ಫಲಕ. ಇನ್ನೊಬ್ಬಳು, ಒಂಬತ್ತು ವರ್ಷದವಳು, ತೀರಿಕೊಂಡ ಅಜ್ಜಿ ಬರೆದಿಟ್ಟ ಹಾಡಿನ ವಹಿ ಎಂದಳು.

ಗುರಿ ಬರೆದದ್ದು ಹೀಗೆ: ಅಜ್ಜಿಯ ವಹಿಯ ಯಾವುದಾದರೂ ಒಂದು ಪುಟವನ್ನು, ಯಾರ ಸಹಾಯವೂ ಇಲ್ಲದೆ, ಮೂರಕ್ಕಿಂತ ಹೆಚ್ಚು ಕಡೆ ನಿಲ್ಲದೆ ಓದುವುದು. ಹಾಡುಗಳಲ್ಲಿ ಹೆಚ್ಚಾಗಿ ಬರುವ ಒತ್ತಕ್ಷರಗಳನ್ನು ಎಣಿಸಿ ಪಟ್ಟಿ ಮಾಡಿದಳು. ಮ, ವ, ಯ ಇವುಗಳಲ್ಲಿ ಮಕ್ಕಳಿಗೆ ಗಲಿಬಿಲಿಯಾಗುವುದರಿಂದ ಅವಕ್ಕೆ ಬೇರೆ ಕಾರ್ಡು. ಎಂಟು ವಾರದ ಪಾಠ, ಮೂವತ್ತಾರು ಕಾರ್ಡು. ಡಿಕ್ ಮತ್ತು ಕೇರಿ ಹೇಳಿದಂತೆ ಮೊದಲು ಒಂದೇ ಮಗುವಿನ ಮೇಲೆ ಪರೀಕ್ಷಿಸಬೇಕು, ಆಮೇಲೆ ಸಣ್ಣ ಗುಂಪು, ಕೊನೆಗೆ ಇಡೀ ವರ್ಗ. ಆ ಒಂಬತ್ತು ವರ್ಷದವಳನ್ನೇ ಕೂರಿಸಿದೆವು. ಕಾರ್ಡುಗಳನ್ನು ಸರಸರನೆ ಓದಿದಳು. ನಮಗೆಲ್ಲ ಹಿಗ್ಗು. ವಹಿ ತೆರೆದೆವು, ಎರಡನೆಯ ಸಾಲಿನಲ್ಲಿ ನಿಂತಳು, ಮೂರನೆಯದರಲ್ಲಿ ಕಣ್ಣಲ್ಲಿ ನೀರು ಬಂದಿತು.

ಹುಡುಗಿ ಒತ್ತಕ್ಷರದ ಕಾರ್ಡುಗಳನ್ನು ಮತ್ತೆ ಹರವತೊಡಗಿದಳು. ನಾವು ಮಗುವಿಗೆ ಧೈರ್ಯ ಹೇಳುತ್ತಿದ್ದೆವು. ಹಿಂದೆ ಬೆಂಚಿನ ಮೇಲೆ ಕೂತಿದ್ದ ತಾಯಿ ಎದ್ದು ಬಂದು ವಹಿಯನ್ನೂ ಕಾರ್ಡನ್ನೂ ಪಕ್ಕದಲ್ಲಿಟ್ಟರು. “ನೋಡ ತಂಗಿ, ನಿಂದು ಅಚ್ಚಿನ ಅಕ್ಷರ. ಇದು ಕೈಬರಹ. ನಮ್ಮವ್ವನೂ ಹಿಂಗ ಬರಿತಿದ್ಲು, ಸಾಲಿಗೆ ಸಾಲ ಕೂಡಿಸಿ, ನಡುವ ಜಾಗ ಬಿಡದ.” ಎಂದು ಹೇಳಿ, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದೊಂದು ಶಬ್ದ ಮುಗಿಯುವಲ್ಲಿ ಬೆರಳಿಟ್ಟು ಓದಿಸಿದರು. ಮಗು ಓದಿತು.

ಮೂವತ್ತಾರು ಕಾರ್ಡುಗಳಲ್ಲಿ ಒಂದರಲ್ಲಿಯೂ ಕೈಬರಹವಿರಲಿಲ್ಲ. ಗುರಿಯಲ್ಲಿ ನಾವೇ ‘ವಹಿ’ ಎಂದು ಬರೆದಿದ್ದೆವು, ಪಾಠ ಕಟ್ಟುವಾಗ ಮರೆತಿದ್ದೆವು. ಒಂದೇ ಮಗುವಿನ ಮೇಲೆ ಮೊದಲು ಪರೀಕ್ಷಿಸಿದ್ದರಿಂದ ಎಂಟು ವಾರವೂ ಒಂಬತ್ತು ಮಕ್ಕಳ ಉತ್ಸಾಹವೂ ಉಳಿದವು.

ಹುಡುಗಿ ಸದ್ಯಕ್ಕೆ ಮುಕ್ತ ವಿಶ್ವವಿದ್ಯಾಲಯದ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದಾಳೆ, ಹಗಲು ಕೆಲಸ ಬಿಡದೆ. ಅದು ಹಿಡಿಸಿದರೆ ಎಂ.ಎ. ವಿಚಾರ. ಪಾಟಲಿಗಳು ತಾಯಿಯ ಕೈಯಲ್ಲಿಯೇ ಇವೆ. ಅವರು ಈಗ ಪ್ರತಿ ಭಾನುವಾರ ಬರುತ್ತಾರೆ. ಎರಡು ವರ್ಷ ಯಾಕೆ ಬೇಕೆಂಬ ಪ್ರಶ್ನೆಯನ್ನು ಬಿಟ್ಟಿಲ್ಲ, ಆದರೆ ಈಗ ಮಗಳನ್ನೇ ಕೇಳುತ್ತಾರೆ. ಮೆಟ್ರಿಕ್ಕಿಗೆ ನಿಂತ ನಮ್ಮಂಥವರಿಗೂ ದಾರಿ ಮುಚ್ಚಿಲ್ಲ: ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹನ್ನೆರಡನೆಯ ತರಗತಿ, ಆಮೇಲೆ ಮುಕ್ತ ವಿಶ್ವವಿದ್ಯಾಲಯದ ಬಿ.ಎ., ಅನಂತರ ಇದು. ಉದ್ದದ ಏಣಿ. ನಾವು ಮೊದಲ ಮೆಟ್ಟಿಲಿನ ಅರ್ಜಿಯನ್ನು ತಂದಿಟ್ಟುಕೊಂಡಿದ್ದೇವೆ. ಯಾರಿಗಾದರೂ ಬೇಕಾದರೆ ಇನ್ನೂ ನಾಲ್ಕು ಪ್ರತಿ ಇವೆ.

ಕೊನೆಗೆ ಒಂದು ವಿನಂತಿ. ಕೈಬರಹದ ಕಾರ್ಡುಗಳನ್ನು ತಯಾರಿಸಲು ಬೇರೆ ಬೇರೆ ಕೈಗಳ ಕನ್ನಡ ಬರಹ ಬೇಕಾಗಿದೆ. ಹಾಡಿನ ವಹಿ, ಹಳೆಯ ಕಾಗದ, ಕಿರಾಣಿ ಚೀಟಿ, ಲೆಕ್ಕದ ಪುಸ್ತಕ, ಯಾವುದಾದರೂ ಸರಿ. ಸಂಜೆ ಏಳರಿಂದ ಒಂಬತ್ತರೊಳಗೆ ವಾಚನಾಲಯಕ್ಕೆ ತಂದುಕೊಟ್ಟರೆ ಎದುರಿನಲ್ಲಿಯೇ ಪ್ರತಿ ತೆಗೆದು ಮರಳಿಸುತ್ತೇವೆ. ಶಾಯಿ ಮಾಸಿದ್ದರೂ ಅಡ್ಡಿಯಿಲ್ಲ.